ಪ್ರವಚನದ ಪುಸ್ತಕದಲ್ಲಿ ಮೂಲದವರ ಹೆಸರೇ ಇಲ್ಲ: ಪ್ರೆಸ್ಸಿನವ ಏನು ಮಾಡಬೇಕು?

ಪ್ರೂಫ್‌ಗಣ್ಣು (ಉಡುಪಿ)

ನಮಸ್ಕಾರ. ಉಡುಪಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವುದು, ಪ್ರೂಫ್ ನೋಡುವುದು ನನ್ನ ಕೆಲಸ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು ಇವೇ ಜಾಸ್ತಿ. ನಡುವೆ ಧಾರ್ಮಿಕ ಪುಸ್ತಕಗಳೂ ಬರುತ್ತವೆ. ಈಗ ಟೇಬಲ್ ಮೇಲಿರುವುದು ಒಬ್ಬ ಪ್ರವಚನಕಾರರದು. ಹೆಸರು ಮಾಡಿದವರು. ಸೀಸನ್ನಿನಲ್ಲಿ ಬಿಡುವಿಲ್ಲ, ಯೂಟ್ಯೂಬಿನಲ್ಲೂ ತುಂಬ ಜನ ಕೇಳುತ್ತಾರೆ. ಯಾರು ಅಂತ ಹೇಳುವುದಿಲ್ಲ. ದಯವಿಟ್ಟು ಊಹೆಯನ್ನೂ ಮಾಡಬೇಡಿ.

ಮೂರನೇ ಅಧ್ಯಾಯದಲ್ಲಿ ಒಂದು ಕಡೆ ಕಣ್ಣು ನಿಂತಿತು. 'ಶ್ರವಣ, ಮರಣ, ನಿದಿಧ್ಯಾಸನ' ಅಂತ ಉಂಟು. ಮನನ ಇರಬೇಕಾದಲ್ಲಿ ಮರಣ! ನಗು ಬಂತು, ತಿದ್ದಿದೆ. ಆದರೆ ಈ ತಪ್ಪನ್ನು ಮೊದಲೂ ಎಲ್ಲೋ ನೋಡಿದ ನೆನಪು. ಪ್ರೆಸ್ಸಿನಲ್ಲಿ ಅಚ್ಚಾದ ಹಳೆ ಪುಸ್ತಕಗಳ ಒಂದೊಂದು ಪ್ರತಿಯನ್ನು ನಮ್ಮ ಯಜಮಾನರು ಕಪಾಟಿನಲ್ಲಿ ಇಟ್ಟಿದ್ದಾರೆ. ಹುಡುಕಿದಾಗ ಸಿಕ್ಕಿತು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ್ದು, ಒಬ್ಬ ನಿವೃತ್ತ ಶಾಲಾ ಮೇಷ್ಟ್ರು ಬರೆದದ್ದು. ಅದರಲ್ಲೂ 'ಶ್ರವಣ, ಮರಣ, ನಿದಿಧ್ಯಾಸನ'. ಅಂದಿನ ಕಂಪೋಸಿಟರನ ಕೈತಪ್ಪು ಇಂದಿನ ಹಸ್ತಪ್ರತಿಗೂ ಬಂದು ಕೂತಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅಧ್ಯಾಯಕ್ಕೆ ಅಧ್ಯಾಯವೇ ಅದು. 'ಎಂಬುದಾಗಿ ತಿಳಿಯತಕ್ಕದ್ದು' ಅಂತ ಇದ್ದದ್ದು 'ಅಂತ ತಿಳ್ಕೊಳ್ಳಬೇಕು' ಆಗಿದೆ, ಅಷ್ಟೇ ವ್ಯತ್ಯಾಸ. ಮೇಷ್ಟ್ರು ತೀರಿಹೋಗಿ ಸುಮಾರು ಕಾಲವಾಯಿತು. ಮುನ್ನುಡಿಯಲ್ಲಿ, ಕೃತಜ್ಞತೆಯಲ್ಲಿ, ಎಲ್ಲಿಯೂ ಅವರ ಹೆಸರಿಲ್ಲ. ದಾನಿಗಳ ಹೆಸರು ಮಾತ್ರ ಎರಡು ಪುಟ ಉಂಟು.

'ವಿದ್ಯೆ ಯಾರಪ್ಪನ ಸೊತ್ತು?' ಅನ್ನುವ ವಾದ ನನಗೂ ಗೊತ್ತು. ಶಾಸ್ತ್ರವನ್ನು ಯಾರೂ ಹೊಸದಾಗಿ ಹುಟ್ಟಿಸುವುದಿಲ್ಲ. ಆದರೆ ನಮ್ಮ ಹಿರಿಯರು ಇನ್ನೊಬ್ಬರಿಂದ ಪಡೆದಾಗ ಅವರ ಹೆಸರಿಗೆ ಅಂತ ಒಂದು ಜಾಗವನ್ನೂ ಇಟ್ಟಿದ್ದರು. ಆ ಜಾಗ ಒರೆಸಿ ಅಲ್ಲಿ ತನ್ನ ಫೋಟೋ ಹಾಕಿಕೊಂಡರೆ ಅದನ್ನು ಸಂಪ್ರದಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ನೀವೆಲ್ಲ ಏನು ಹೇಳುತ್ತೀರಿ? ಪ್ರೂಫ್ ನೋಡುವವನಿಗೆ ಇದರಲ್ಲಿ ಬಾಯಿ ಹಾಕುವ ಹಕ್ಕು ಉಂಟಾ?

ರಥಬೀದಿ ಭಟ್ರು

ಬಾಯಿ ಹಾಕಿದರೆ ಕೆಲಸ ಹೋದೀತು ಮಾರಾಯ್ರೆ, ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ವಿಷಯಕ್ಕೆ ಬರುವ. ಪ್ರವಚನ ಅಂದರೆ ಪಿಎಚ್‌ಡಿ ಪ್ರಬಂಧ ಅಲ್ಲ. ಭಾಗವತ ಹೇಳುವವರು ಮಾತುಮಾತಿಗೂ 'ಇದು ಇಂಥವರು ಹೇಳಿದ್ದು, ಅದು ಅಂಥವರು ಹೇಳಿದ್ದು' ಅನ್ನುತ್ತ ಕೂತರೆ ಜನ ಎದ್ದು ಊಟದ ಪಂಕ್ತಿಗೆ ಹೋಗುತ್ತಾರೆ. ಜ್ಞಾನ ಭಗವಂತನದು. ವೇದಕ್ಕೇ ಕರ್ತೃ ಇಲ್ಲ ಅನ್ನುವ ಊರಿನಲ್ಲಿ ಮೇಷ್ಟ್ರ ಹೆಸರಿಲ್ಲ ಅಂತ ಗಲಾಟೆ ಯಾಕೆ?

ಪ್ರೂಫ್‌ಗಣ್ಣು

ಭಟ್ರೇ, ಜ್ಞಾನ ಭಗವಂತನದೇ ಇರಲಿ. ಎರಡನೇ ಪುಟದಲ್ಲಿ 'ಎಲ್ಲ ಹಕ್ಕುಗಳೂ ಲೇಖಕರವು' ಅಂತ ದಪ್ಪಕ್ಷರದಲ್ಲಿ ಹಾಕಲು ಹೇಳಿದ್ದಾರಲ್ಲ, ಅದನ್ನು ತೆಗೆಯಲು ಒಪ್ಪುತ್ತಾರಾ?

ಕೈತಾಳ (ಕಾಪು)

ಮೇಲಿನ ಉತ್ತರ ಓದಿ ನಗು ತಡೆಯಲಿಕ್ಕಾಗಲಿಲ್ಲ.

ನಾನು ಭಜನಾ ಮಂಡಳಿಯವಳು. ನಮ್ಮಲ್ಲಿ ಹೊಸ ಹುಡುಗಿಯರಿಗೆ ಮೊದಲು ಹೇಳಿಕೊಡುವುದೇ 'ಕೊನೆಯ ಚರಣ ಬಿಡಬಾರದು' ಅಂತ. ಅಂಕಿತ ಇರುವುದು ಅಲ್ಲಿ. ಪುರಂದರ ವಿಠಲ ಬಂದರೆ ಪುರಂದರದಾಸರದು, ಹಯವದನ ಬಂದರೆ ವಾದಿರಾಜರದು, ಕಾಗಿನೆಲೆಯ ಆದಿಕೇಶವ ಬಂದರೆ ಕನಕದಾಸರದು. ಹಾಡುವವರು ಯಾರೇ ಆಗಲಿ, ಬರೆದವರ ಹೆಸರು ಹಾಡಿನೊಳಗೇ ಕೂತಿರುತ್ತದೆ. ಪುಸ್ತಕ ಇಲ್ಲದ ಕಾಲದಲ್ಲಿ, ಅಕ್ಷರ ಬಾರದವರ ಬಾಯಲ್ಲೂ ಆ ಹೆಸರು ಉಳಿದದ್ದು ಹಾಗೆ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಯಾವ ಹಾಡು ಯಾರದು ಅಂತ ಕೇಳಿದರೆ ಕೊನೆಯ ಸಾಲು ಗುನುಗಿ ಹೇಳುತ್ತಿದ್ದರು.

ಈಗ ಸ್ಟೇಜ್ ಕಾರ್ಯಕ್ರಮದಲ್ಲಿ ಒಂದು ಹಾಡಿಗೆ ಇಷ್ಟೇ ಸಮಯ ಅಂತ ಮೊದಲೇ ಹೇಳಿಬಿಡುತ್ತಾರೆ. ಪಲ್ಲವಿ, ಎರಡು ಚರಣ, ಮುಗಿಯಿತು. ರೀಲ್ಸ್‌ನಲ್ಲಿ ಪಲ್ಲವಿಯೂ ಪೂರ್ತಿ ಇಲ್ಲ. ಮೊನ್ನೆ ಒಬ್ಬ ಹುಡುಗಿ ವಾದಿರಾಜರ ಕೃತಿಯ ಬಗ್ಗೆ 'ಅಕ್ಕ, ಇದು ಆ ಸಿಂಗರ್ ಬರೆದದ್ದಲ್ವಾ?' ಅಂತ ಕೇಳಿದಳು. ಅವಳನ್ನು ಏನು ಹೇಳುವುದು? ಹಯವದನ ಬರುವ ಸಾಲು ಅವಳ ಕಿವಿಗೆ ಬಿದ್ದೇ ಇಲ್ಲ.

ಇನ್ನೊಂದು. ದಾಸರ ಪದಗಳು 1850ರಲ್ಲೇ ನಮ್ಮ ಮಂಗಳೂರಿನಲ್ಲಿ ಅಚ್ಚಾಗಿದ್ದವು. ಹಾಕಿಸಿದ್ದು ಬಾಸೆಲ್ ಮಿಶನ್ನಿನ ಮೋಗ್ಲಿಂಗ್. ಬೇರೆ ಧರ್ಮದ ಪಾದ್ರಿ ಅಚ್ಚು ಹಾಕಿಸಿದರೂ ಪುರಂದರ ವಿಠಲ ಪುರಂದರ ವಿಠಲನಾಗಿಯೇ ಉಳಿದ. ನಮ್ಮವರಿಗೆ ನಮ್ಮವರ ಹೆಸರು ಹಾಕಲು ಏನು ಕಷ್ಟ?

ಬಯಲುಸೀಮೆಯವ (ಮಣಿಪಾಲ)

ಅಂಕಿತದ ಮಾತು ಬಂದ ಕಾರಣ ನಮ್ಮ ಕಡೆಯ ಒಂದು ಪ್ರಕರಣ ಹೇಳುತ್ತೇನೆ. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ಸಂಕಲನದಲ್ಲಿ 'ಕೂಡಲಸಂಗಮದೇವ' ತೆಗೆದು 'ಲಿಂಗದೇವ' ಅಂತ ಹಾಕಿದ್ದರು. ದೊಡ್ಡ ಗದ್ದಲವಾಯಿತು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರಲ್ಲಿ ಅಲ್ಲೂ ಸರ್ಕಾರದ ಆದೇಶವೇ ಉಳಿಯಿತು.

ವಚನ ತನ್ನದು ಅಂತ ಅವರು ಹೇಳಿರಲಿಲ್ಲ, ಬಸವಣ್ಣನವರದೇ ಅಂತ ಹೇಳಿದ್ದರು. ಅಂಕಿತ ಬದಲಿಸಿದ್ದಕ್ಕೇ ಜನರಿಗೆ ಅಷ್ಟು ನೋವಾಯಿತು. ಪುಸ್ತಕ ಮುಟ್ಟುಗೋಲು ಹಾಕುವುದು ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ನಿಮ್ಮ ಪ್ರವಚನಕಾರರು ಅಂಕಿತವನ್ನಷ್ಟೇ ಅಲ್ಲ, ವಚನಕಾರನನ್ನೇ ಎಬ್ಬಿಸಿ ಕಳಿಸಿದ್ದಾರೆ.

ನಿವೃತ್ತ ಸಂಸ್ಕೃತ ಮೇಷ್ಟ್ರು (ಬ್ರಹ್ಮಾವರ)

ಭಟ್ರು ವೇದದ ಅಪೌರುಷೇಯತ್ವವನ್ನು ಇಲ್ಲಿಗೆ ಎಳೆದು ತಂದದ್ದು ಸರಿಯಾಗಲಿಲ್ಲ. ಅದು ವೇದಕ್ಕೆ ಮಾತ್ರ. ಅದರ ಮೇಲೆ ಬರೆದವರೆಲ್ಲ ಹೆಸರಿದ್ದವರೇ. ಮೂಲಕ್ಕೆ ಭಾಷ್ಯ, ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ. ಆಚಾರ್ಯ ಮಧ್ವರ ಗ್ರಂಥಕ್ಕೆ ಜಯತೀರ್ಥರು ಬರೆದರು, ಜಯತೀರ್ಥರ ನ್ಯಾಯಸುಧೆಗೆ ರಾಘವೇಂದ್ರ ತೀರ್ಥರು 'ಪರಿಮಳ' ಅನ್ನುವ ಟಿಪ್ಪಣಿ ಬರೆದರು. ಯಾವ ಮಾತು ಯಾರದು ಅಂತ ಗೊಂದಲವೇ ಇಲ್ಲ. ಗ್ರಂಥದ ಶುರುವಿಗೆ ಗುರುವಂದನೆ. ನಮ್ಮ ಹಳಗನ್ನಡದ ಕವಿಗಳೂ ಹಿಂದಿನ ಕವಿಗಳನ್ನು ನೆನೆದೇ ಮುಂದೆ ಹೋಗುತ್ತಿದ್ದರು.

ಹಾಗಂತ ಹಿಂದಿನವರೆಲ್ಲ ಸಾಚಾ ಅನ್ನುವಂತಿಲ್ಲ. ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಸಾವಿರ ವರ್ಷದ ಹಿಂದೆಯೇ ಬರೆದಿದ್ದಾನೆ: 'ನಾಸ್ತ್ಯಚೌರಃ ಕವಿಜನೋ ನಾಸ್ತ್ಯಚೌರೋ ವಣಿಗ್ಜನಃ'. ಕದಿಯದ ಕವಿಯಿಲ್ಲ, ಕದಿಯದ ವ್ಯಾಪಾರಿಯೂ ಇಲ್ಲ. ಮುಚ್ಚಿಡಲು ಬಲ್ಲವನು ಮಾತ್ರ ಯಾರ ಬಾಯಿಗೂ ಸಿಗದೆ ಸುಖವಾಗಿರುತ್ತಾನಂತೆ. ಕಾಶ್ಮೀರದ ಕ್ಷೇಮೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರವಲು ಕವಿಗಳನ್ನು ದರ್ಜೆ ಹಾಕಿ ವಿಂಗಡಿಸಿದ. ಬರೀ ಛಾಯೆ ತೆಗೆದುಕೊಳ್ಳುವವನು, ಪದ ತೆಗೆದುಕೊಳ್ಳುವವನು, ಇಡೀ ಪಾದವನ್ನೇ ತೆಗೆದುಕೊಳ್ಳುವವನು, ಕೊನೆಗೆ ಇದ್ದಬದ್ದದ್ದೆಲ್ಲ ಬಾಚಿಕೊಳ್ಳುವ 'ಸಕಲೋಪಜೀವಿ'. ನಿಮ್ಮ ಪ್ರವಚನಕಾರರು ಈ ಕೊನೆಯ ಬೆಂಚಿನವರು.

ನಮ್ಮ ಮಧ್ವರ ಬಗ್ಗೆ ಜಗಳ ನಡೆದದ್ದು ಇದಕ್ಕೆ ತಿರುಗುಮುರುಗಾಗಿ, ಗೊತ್ತುಂಟಾ? ಮಧ್ವರು ಉದಾಹರಿಸಿದ ಕೆಲವು ವಾಕ್ಯಗಳು ಈಗ ಸಿಗುವ ಯಾವ ಗ್ರಂಥದಲ್ಲೂ ಇಲ್ಲ. 16ನೇ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಅದನ್ನೇ ಹಿಡಿದು ಆಕ್ಷೇಪ ಎತ್ತಿದರು. 1997ರಲ್ಲಿ ವಿಯೆನ್ನಾದ ವಿದ್ವಾಂಸ ರೋಕ್ ಮೆಸ್ಕಿಟಾ, ಅವು ಮಧ್ವರದೇ ರಚನೆ ಅಂತ ಪುಸ್ತಕವನ್ನೇ ಬರೆದರು. ಆ ಗ್ರಂಥಗಳು ನಷ್ಟವಾಗಿವೆ ಅನ್ನುವುದು ಮಾಧ್ವ ವಿದ್ವಾಂಸರ ಉತ್ತರ. ಯಾವುದು ಸರಿ ಅನ್ನುವ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಎರಡೂ ಕಡೆಯವರು ಕೇಳಿದ ಪ್ರಶ್ನೆ ಒಂದೇ: 'ಈ ಮಾತು ಎಲ್ಲಿಯದು?' ಆ ಪ್ರಶ್ನೆ ಕೇಳುವುದೇ ಅಪರಾಧ ಅಂತ ಆಗ ಯಾರಿಗೂ ಅನ್ನಿಸಿರಲಿಲ್ಲ.

ರಥಬೀದಿ ಭಟ್ರು

ಮೇಷ್ಟ್ರೇ, ಇದನ್ನು ಇಲ್ಲಿ ತರಬೇಕಿತ್ತಾ? ಇರಲಿ. ಗುರುವಂದನೆಯ ಮಾತು ಒಪ್ಪುತ್ತೇನೆ. ಆದರೆ ಬರೆಯುವುದಕ್ಕೂ ಬಾಯಲ್ಲಿ ಹೇಳುವುದಕ್ಕೂ ವ್ಯತ್ಯಾಸ ಉಂಟು ಅನ್ನುವುದನ್ನು ಬಿಡುವುದಿಲ್ಲ.

ಬಂದರಿನ ಬ್ಯಾರಿ (ಮಂಗಳೂರು)

ಬಾಯಲ್ಲಿ ಹೇಳುವುದಕ್ಕೇ ನಮ್ಮಲ್ಲಿ ಜಾಸ್ತಿ ಕಟ್ಟುನಿಟ್ಟು ಭಟ್ರೇ. ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಬರೀ ಮಾತಲ್ಲ. ಇವರಿಗೆ ಹೇಳಿದವರು ಇವರು, ಅವರಿಗೆ ಹೇಳಿದವರು ಅವರು ಅಂತ ಸಾಲು ಪ್ರವಾದಿಯವರ ತನಕ ಹೋಗಬೇಕು. ಅದಕ್ಕೆ ಸನದ್ ಅನ್ನುವುದು. ಸಾಲಿನಲ್ಲಿ ಒಬ್ಬರು ನಂಬಿಕಸ್ಥರಲ್ಲ ಅಂತಾದರೆ ಮಾತು ಎಷ್ಟೇ ಚೆಂದ ಇರಲಿ, ಅದಕ್ಕೆ ತೂಕ ಕಡಿಮೆ. ಅಬ್ದುಲ್ಲಾ ಇಬ್ನ್ ಮುಬಾರಕ್ ಅಂತ 8ನೇ ಶತಮಾನದ ವಿದ್ವಾಂಸರು. ಸನದ್ ದೀನಿನ (ಧರ್ಮದ) ಭಾಗ, ಅದಿಲ್ಲದಿದ್ದರೆ ಯಾರು ಏನು ಬೇಕಾದರೂ ಹೇಳುತ್ತಿದ್ದರು ಅಂತ ಅವರು ಹೇಳಿದ್ದು ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಸಂಗ್ರಹದ ಮುನ್ನುಡಿಯಲ್ಲೇ ಉಂಟು.

ಇಷ್ಟೆಲ್ಲ ಇದ್ದೂ ಈಗಿನ ಮತ ಪ್ರಭಾಷಣಗಳಲ್ಲಿ ಎಂತ ಆಗುತ್ತದೆ? ಹದೀಸಿಗೆ ಸನದ್ ಹೇಳುತ್ತಾರೆ. ಅದರ ವಿವರಣೆ, ನಡುವಿನ ಕಥೆ, ಜೋಕು ಎಲ್ಲ ಯಾವುದೋ ಮಲಯಾಳಂ ಉಸ್ತಾದರದು. ಅದಕ್ಕೆ ಸನದ್ ಇಲ್ಲ. ನಮ್ಮಲ್ಲಿ ಜಾಸ್ತಿ ಜನಕ್ಕೆ ಮಲಯಾಳಂ ಅರ್ಥವಾಗುತ್ತದೆ, ಒರಿಜಿನಲ್ ವೀಡಿಯೋ ಎಲ್ಲರ ಫೋನಿನಲ್ಲೂ ಬಂದಿರುತ್ತದೆ. ಜೋಕು ಮುಗಿಯುವ ಮೊದಲೇ ಹಿಂದಿನ ಸಾಲಿನ ಹುಡುಗರು ನಗಲು ಶುರು ಮಾಡುತ್ತಾರೆ.

ಅರ್ಥ ಕೇಳುವವ (ಕಿನ್ನಿಗೋಳಿ)

ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ಪಾತ್ರ ಕಟ್ಟುವ ಯಕ್ಷಗಾನ, ತಾಳಮದ್ದಳೆಯನ್ನು ಯಾರೂ ಹೇಳಲಿಲ್ಲವಲ್ಲ! ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ ಕೇಳಿದವರು ಈಗಲೂ ಇದ್ದಾರೆ. ಹೊಸ ಅರ್ಥಧಾರಿ (ಮಾತಾಡುವ ಕಲಾವಿದ) ಅದರಿಂದ ಒಂದು ವಾದ ಎತ್ತಿಕೊಂಡರೆ ಎದುರು ಕೂತ ಅಜ್ಜಂದಿರು 'ಇದು ಶೇಣಿ' ಅಂತ ಪಿಸುಗುಡುತ್ತಾರೆ. ಯಾರೂ ಅದನ್ನು ಕಳ್ಳತನ ಅನ್ನುವುದಿಲ್ಲ. ಯಾಕೆಂದರೆ ಎಲ್ಲರಿಗೂ ಗೊತ್ತು, ಆಡಿದವರಿಗೂ 'ಎಲ್ಲರಿಗೂ ಗೊತ್ತು' ಅಂತ ಗೊತ್ತು.

ಕಿನ್ನಿಗೋಳಿಯ ಸಭೆಯಲ್ಲಿ ಶೇಣಿಯವರ ಮಾತು ಕದಿಯಲು ಯಾರಿಗೂ ಆಗುವುದಿಲ್ಲ. ಬನ್ನಂಜೆ ಗೋವಿಂದಾಚಾರ್ಯರ ವಿವರಣೆಯನ್ನು ಉಡುಪಿಯಲ್ಲಿ ಯಾರಾದರೂ ತನ್ನದು ಅಂದರೆ ಸಿಕ್ಕಿಬೀಳುತ್ತಾರೆ, ಅವರ ಪ್ರವಚನಗಳ ಆಡಿಯೋ ಮನೆಮನೆಯಲ್ಲಿ ಉಂಟು. ಆದರೆ ಪ್ರೂಫ್‌ಗಣ್ಣಿನವರು ಹೇಳಿದ ಮೇಷ್ಟ್ರಿಗೆ ಯಾರಿದ್ದಾರೆ? ಅವರ ಪುಸ್ತಕ ಓದಿದವರು ಬೆರಳೆಣಿಕೆಯವರು. 'ಇದು ಅವರದು' ಅಂತ ಪಿಸುಗುಡಲು ಸಭೆಯಲ್ಲಿ ಒಬ್ಬ ಅಜ್ಜನೂ ಇಲ್ಲ. ಅದನ್ನು ನೋಡಿಯೇ ಆ ಪುಸ್ತಕ ಆರಿಸಿದ್ದಾರೆ ಅಂತ ನನ್ನ ಸಂಶಯ. ದೊಡ್ಡವರ ಮಾತಾದರೆ ಹೆಸರು ಹೇಳಿ ಗೌರವ ಸಂಪಾದಿಸುತ್ತಾರೆ. ಸಣ್ಣವರದಾದರೆ ಹೆಸರು ನುಂಗುತ್ತಾರೆ.

ಕಂಕನಾಡಿಯವಳು

ಇಗರ್ಜಿಯ ಶೆರ್ಮಾಂವ್‌ನಲ್ಲೂ, ಅಂದರೆ ಪಾದ್ರಿಗಳ ಪ್ರಸಂಗದಲ್ಲೂ (ಪ್ರವಚನ), ಇದೇ ಕಥೆ, ಚಿಂತೆ ಮಾಡಬೇಡಿ. ನಮ್ಮಲ್ಲಿ ಇದಕ್ಕೆ ಹಳೇ ರಿಯಾಯಿತಿಯೂ ಉಂಟು. ಚೆನ್ನಾಗಿ ಮಾತಾಡಲು ಬಂದು, ಸ್ವತಃ ಬರೆಯಲು ಬಾರದವರು ಇನ್ನೊಬ್ಬರ ಪ್ರಸಂಗವನ್ನು ಬಾಯಿಪಾಠ ಮಾಡಿ ಹೇಳಿದರೆ ತಪ್ಪಲ್ಲ ಅಂತ ಸಂತ ಅಗಸ್ಟೀನರೇ ಬರೆದಿದ್ದಾರೆ.

ಆದರೆ ಈಗ ಕಾಲ ಬೇರೆ. 2021ರಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆಗೆ ಎಡ್ ಲಿಟನ್ ಅನ್ನುವವರು ಅಧ್ಯಕ್ಷರಾದರು. ಕೆಲವೇ ದಿನದಲ್ಲಿ ಅವರ ಪ್ರಸಂಗ ಮತ್ತು ಹಿಂದಿನ ಅಧ್ಯಕ್ಷ ಜೆ.ಡಿ. ಗ್ರಿಯರ್ ಅವರ ಪ್ರಸಂಗದ ವೀಡಿಯೋಗಳನ್ನು ಜನ ಜೋಡಿಸಿ ಹಾಕಿದರು. ಮಾತಿಗೆ ಮಾತು ಕೂಡುತ್ತಿತ್ತು. ನಾನೇ ಅನುಮತಿ ಕೊಟ್ಟಿದ್ದೆ ಅಂತ ಗ್ರಿಯರ್ ಹೇಳಿದರು. ಹೆಸರು ಹೇಳದೇ ಇದ್ದದ್ದಕ್ಕೆ ಲಿಟನ್ ಕ್ಷಮೆ ಕೇಳಿದರು. ಆದರೂ ತಣ್ಣಗಾಗಲಿಲ್ಲ. ಮರುವರ್ಷ ಎರಡನೇ ಅವಧಿಗೆ ನಿಲ್ಲಲಿಲ್ಲ. ಕೊಟ್ಟವನ ಅನುಮತಿ ಇತ್ತು ನೋಡಿ. ಸಿಟ್ಟು ಬಂದದ್ದು ಕೇಳಿಸಿಕೊಂಡವರಿಗೆ.

ಮಾರ್ಟಿನ್ ಲೂಥರ್ ಕಿಂಗ್ ಅವರ ಡಾಕ್ಟರೇಟ್ ಪ್ರಬಂಧದಲ್ಲೂ ಬೇರೆಯವರ ಭಾಗಗಳಿವೆ ಅಂತ 1991ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಮಿತಿ ಹೇಳಿತು. ಪದವಿ ಹಿಂದೆ ತೆಗೆದುಕೊಳ್ಳಲಿಲ್ಲ, ಪ್ರಬಂಧದ ಜೊತೆ ಒಂದು ಪತ್ರ ಇಟ್ಟರು. ನನಗೆ ಅದು ಸರಿಯಾದ ದಾರಿ ಅನ್ನಿಸುತ್ತದೆ. ಮನುಷ್ಯ ದೊಡ್ಡವನೇ, ಆ ಪುಟಗಳು ಮಾತ್ರ ಅವನದಲ್ಲ.

ನನಗೆ ಇದಕ್ಕಿಂತ ಸಿಟ್ಟು ಬರುವುದು ಬೇರೆಯವರ ಅನುಭವ ಕದ್ದಾಗ. ದಡದಲ್ಲಿ ಬಿದ್ದ ನಕ್ಷತ್ರ ಮೀನುಗಳನ್ನು ಒಂದೊಂದಾಗಿ ಸಮುದ್ರಕ್ಕೆ ಎಸೆಯುವ ಹುಡುಗನ ಕಥೆ ಎಲ್ಲರೂ ಕೇಳಿದ್ದೀರಿ ಅಲ್ವಾ? ಅದರ ಮೂಲ ಅಮೆರಿಕದ ಲಾರೆನ್ ಐಸ್ಲಿ 1969ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಅದರಲ್ಲಿ ಹುಡುಗ ಇಲ್ಲ, ಒಬ್ಬ ಗಂಡಸು ಇದ್ದಾನೆ. 'ಈ ಒಂದಕ್ಕಾದರೂ ಉಪಯೋಗ ಆಯಿತಲ್ಲ' ಅನ್ನುವ ಚಪ್ಪಾಳೆಯ ಡೈಲಾಗೂ ಇಲ್ಲ, ಅದು ಆಮೇಲಿನವರು ಸೇರಿಸಿದ್ದು. ಈ ಕಥೆಯನ್ನು ಒಬ್ಬ ಪಾಸ್ಟರ್ ಪಣಂಬೂರಿನಲ್ಲಿ ತಾನೇ ಕಣ್ಣಾರೆ ಕಂಡದ್ದು ಅಂತ ಹೇಳಿದ್ದನ್ನು ಕೇಳಿದ್ದೇನೆ. ಒಬ್ಬ ಸ್ವಾಮೀಜಿ ಮಲ್ಪೆಯಲ್ಲಿ ಕಂಡದ್ದು ಅಂತ ಹೇಳಿದ್ದನ್ನೂ ಕೇಳಿದ್ದೇನೆ. ಇಬ್ಬರೂ ಕಣ್ಣು ಒರೆಸಿಕೊಂಡರು.

ಕೈರಂಪಣಿ (ಮಲ್ಪೆ)

ಮಲ್ಪೆಯಲ್ಲಾ? ಯಾವ ಹೊತ್ತಿಗೆ ಬಂದಿದ್ದರಂತೆ? ಹುಟ್ಟಿದಾಗಿನಿಂದ ಈ ದಡದಲ್ಲೇ ಇದ್ದೇನೆ. ನಕ್ಷತ್ರ ಮೀನು ಬಲೆಯಲ್ಲಿ ಒಂದೊಂದು ಬರುತ್ತದೆ, ಬಿಸಾಡುತ್ತೇವೆ. ದಡದ ಉದ್ದಕ್ಕೂ ಹಾಸಿ ಬಿದ್ದದ್ದು ನಾನಂತೂ ನೋಡಿಲ್ಲ. ಬೂತಾಯಿ ಮೀನು ರಾಶಿ ಬಿದ್ದರೆ ಹೌದು. ಆದರೆ ಅದನ್ನು ವಾಪಸ್ ಸಮುದ್ರಕ್ಕೆ ಎಸೆಯುವ ಹುಡುಗ ನಮ್ಮ ಊರಲ್ಲಿ ಸಿಗುವುದಿಲ್ಲ, ಬುಟ್ಟಿ ತರಲು ಓಡುತ್ತಾನೆ.

ಕುದ್ರೋಳಿ ಹತ್ತಿರದವ

ಒಂದು ಸಣ್ಣ ಎಚ್ಚರಿಕೆ. ಎರಡು ಮಾತು ಒಂದೇ ಥರ ಕಂಡ ಕೂಡಲೇ ಕದ್ದದ್ದು ಅನ್ನಬೇಡಿ. 'ಒಂದೇ ಜಾತಿ, ಒಂದೇ ಮತ, ಒಂದೇ ದೇವರು' ಅಂದವರು ನಾರಾಯಣ ಗುರುಗಳು, ನಮ್ಮ ಕುದ್ರೋಳಿ ಗೋಕರ್ಣನಾಥನನ್ನು 1912ರಲ್ಲಿ ಪ್ರತಿಷ್ಠೆ ಮಾಡಿದವರು. ಒಂದೇ ಕುಲ, ಒಬ್ಬನೇ ದೇವ ಅಂತ ತಮಿಳಿನ ತಿರುಮೂಲರ್ ಎಷ್ಟೋ ಮೊದಲೇ ಹಾಡಿದ್ದರು. ನಮ್ಮ ಪಂಪನೂ 10ನೇ ಶತಮಾನದಲ್ಲಿ 'ಮನುಷ್ಯಜಾತಿ ತಾನೊಂದೆ ವಲಂ' ಅಂದ. ಅದನ್ನು ಬದುಕಿ ತೋರಿಸಿದವನಿಗೆ ಆ ಮಾತು ಸೇರುತ್ತದೆ. ಆದರೆ ಅಚ್ಚಿನ ತಪ್ಪು ಸಮೇತ ಹೋಲಿದರೆ, ಅದಕ್ಕೆ ನಾನೂ ಏನೂ ಹೇಳುವ ಹಾಗಿಲ್ಲ.

ಕಪ್ಪು ಕೋಟು (ಮಂಗಳೂರು)

ಕಾನೂನಿನ ಭಾಗ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಪ್ರೆಸ್ಸಿಗೂ ಇದರಲ್ಲಿ ತಲೆನೋವು ಉಂಟು.

ಗೀತೆಗೆ, ಭಾಗವತಕ್ಕೆ ಕಾಪಿರೈಟ್ ಇಲ್ಲ. ಅದರ ಮೇಲೆ ಒಬ್ಬರು ತಮ್ಮ ಮಾತಿನಲ್ಲಿ ಬರೆದ ವ್ಯಾಖ್ಯಾನಕ್ಕೆ ಉಂಟು. ದೆಹಲಿ ಹೈಕೋರ್ಟ್ 2023ರಲ್ಲಿ ಭಕ್ತಿವೇದಾಂತ ಬುಕ್ ಟ್ರಸ್ಟಿನ ಕೇಸಿನಲ್ಲಿ ಇದನ್ನೇ ಹೇಳಿದೆ. ವಿಚಾರಕ್ಕೆ ಹಕ್ಕಿಲ್ಲ, ಬರೆದ ರೀತಿಗೆ ಹಕ್ಕಿದೆ ಅನ್ನುವುದು 1978ರ ಆರ್.ಜಿ. ಆನಂದ್ ಕೇಸಿನಿಂದಲೂ ಗಟ್ಟಿ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಡಿವಿಜಿಯವರು ಹೋದದ್ದು 1975ರಲ್ಲಿ, ಹಾಗಾಗಿ ಕಗ್ಗಕ್ಕೆ 2035ರ ಕೊನೆಯವರೆಗೆ. ಮೇಷ್ಟ್ರ ಪುಸ್ತಕಕ್ಕೂ ಅದೇ ಲೆಕ್ಕ. ಇದು ಬರೆದದ್ದು ಇವರು ಅಂತ ಹೇಳಿಸಿಕೊಳ್ಳುವ ಹಕ್ಕು ಇನ್ನೊಂದು, 57ನೇ ಕಲಮಿನದು. ಕಾಪಿರೈಟ್ ಮಾರಿದ್ದರೂ ಅದು ಲೇಖಕರಲ್ಲೇ ಉಳಿಯುತ್ತದೆ. ಅವರು ಹೋದ ಮೇಲೆ ವಾರಸುದಾರರು ಕೇಳಬಹುದು.

ಧಾರ್ಮಿಕ ಕಾರ್ಯಕ್ರಮಕ್ಕೆ ವಿನಾಯಿತಿ ಉಂಟಲ್ಲ ಅಂತ ಕೇಳುತ್ತೀರಿ. ಉಂಟು, ಅಲ್ಲಿ ಹಾಡುವುದಕ್ಕೆ, ಹೇಳುವುದಕ್ಕೆ. ಪುಸ್ತಕ ಮಾಡಿ ಮಾರುವುದಕ್ಕಲ್ಲ. ಗೊತ್ತಿದ್ದೂ ನೆರವಾದವರನ್ನು ಕಾನೂನು ಬಿಡುವುದಿಲ್ಲ. ನಿಮಗೆ ಈಗ ಗೊತ್ತಾಗಿದೆ. ಯಜಮಾನರಿಗೆ ಹೇಳಿ. ಅದು ಬಾಯಿ ಹಾಕುವುದಲ್ಲ, ಪ್ರೆಸ್ಸನ್ನು ಉಳಿಸುವುದು.

ಪ್ರೂಫ್‌ಗಣ್ಣು

ವಕೀಲರ ಮಾತು ಧೈರ್ಯ ಕೊಟ್ಟಿತು. ಇವತ್ತು ಯಜಮಾನರಿಗೆ ಎರಡೂ ಪುಸ್ತಕ ತೋರಿಸಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ 'ಇದಕ್ಕೆ ಮೊಳೆ ಜೋಡಿಸಿದ್ದು ನನ್ನ ಅಪ್ಪ' ಅಂದರು. ಆಗಲೇ ಫೋನ್ ಮಾಡಿ ಪ್ರವಚನಕಾರರನ್ನು ಕರೆಸಿದರು.

ಅವರು ಬಂದರು. ಸಿಟ್ಟು ಮಾಡಲಿಲ್ಲ, ಅದು ನಿಜಕ್ಕೂ ದೊಡ್ಡದು. 'ಮೇಷ್ಟ್ರು ನಮ್ಮ ತಂದೆಯ ಸ್ನೇಹಿತರು. ಚಿಕ್ಕಂದಿನಲ್ಲಿ ಅವರ ಬಾಯಿಂದಲೇ ಕೇಳಿ ಕಲಿತದ್ದು, ಹಾಗಾಗಿ ನನ್ನದೇ ಆಗಿಬಿಟ್ಟಿದೆ' ಅಂದರು. ಬಾಯಿಂದ ಕೇಳಿದ್ದಾದರೆ 'ಮರಣ' ಎಲ್ಲಿಂದ ಬಂತು ಸ್ವಾಮಿ ಅಂತ ನಾಲಿಗೆ ತುದಿಯವರೆಗೆ ಬಂತು. ಯಜಮಾನರು ಕಣ್ಣಲ್ಲೇ ಬೇಡ ಅಂದರು.

ಕೊನೆಗೆ ಒಪ್ಪಿದ್ದು ಇಷ್ಟು. 'ಹಕ್ಕುಗಳು ಲೇಖಕರವು' ತೆಗೆಯುವುದು. ಕೃತಜ್ಞತೆಯಲ್ಲಿ ದಾನಿಗಳ ಪಟ್ಟಿಯ ಕೆಳಗೆ ಮೇಷ್ಟ್ರ ಹೆಸರು ಒಂದು ಸಾಲು ಹಾಕುವುದು. ಆಯಾ ಅಧ್ಯಾಯದ ತಲೆಯಲ್ಲೇ ಹಾಕುವ ಅಂದೆ, ಅದಕ್ಕೆ ಒಪ್ಪಲಿಲ್ಲ. ಪುಸ್ತಕ ನೋಡಲು ಚೆಂದ ಕಾಣುವುದಿಲ್ಲವಂತೆ.

ಕೈತಾಳ (ಕಾಪು)

ದಾನಿಗಳ ಕೆಳಗಾ? ಮೊದಲ ಹೆಸರೇ ಮೇಷ್ಟ್ರದು ಆಗಬೇಕು. ದಾನಿಗಳು ಕೊಟ್ಟದ್ದು ಕಾಗದದ ಖರ್ಚು.

ರಥಬೀದಿ ಭಟ್ರು

ಇದರಲ್ಲಿ ನಾನು ಕೈತಾಳ ಅಕ್ಕನ ಕಡೆ. ಮುನ್ನುಡಿಯ ಮೊದಲ ವಾಕ್ಯದಲ್ಲೇ ಬರಲಿ, ಗುರುವಂದನೆ ಹಾಗೆ. ಪ್ರವಚನಕಾರರಿಗೂ ಮರ್ಯಾದೆ ಉಳಿಯುತ್ತದೆ. ಬೇಕಾದರೆ ನಾನೇ ಮಾತಾಡುತ್ತೇನೆ. ಅವರು ಯಾರು ಅಂತ ಊಹೆ ಮಾಡಿಲ್ಲ, ಆದರೆ ಗೊತ್ತಾಗಿದೆ.

ಕಪ್ಪು ಕೋಟು

ಒಂದು ಸಾಲೋ ಒಂದು ಪುಟವೋ, ಹೆಸರು ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಅಧ್ಯಾಯಗಟ್ಟಲೆ ಎತ್ತಿದರೆ ವಾರಸುದಾರರ ಒಪ್ಪಿಗೆ ಬೇಕೇ ಬೇಕು, ಅದೂ ಬರವಣಿಗೆಯಲ್ಲಿ. ಮೇಷ್ಟ್ರ ಮನೆಯವರು ಯಾರಾದರೂ ಇದ್ದಾರಾ?

ಪ್ರೂಫ್‌ಗಣ್ಣು

ಮಗಳು ಮುಂಬಯಿಯಲ್ಲಿ ಇದ್ದಾರಂತೆ. ಯಜಮಾನರು ನಂಬರ್ ಹುಡುಕಿಸುತ್ತಿದ್ದಾರೆ. ಅಲ್ಲಿಯವರೆಗೆ ಫೈಲ್ ಪ್ಲೇಟಿಗೆ ಕಳಿಸಬೇಡ ಅಂದಿದ್ದಾರೆ. ಬಿಡುಗಡೆಯ ತಾರೀಕು ಆಮಂತ್ರಣದಲ್ಲಿ ಆಗಲೇ ಅಚ್ಚಾಗಿ ಹೋಗಿದೆ, ಅದನ್ನೂ ಹಾಕಿದ್ದು ನಾವೇ. ಭಟ್ರೇ, ನೀವು ಮಾತಾಡುವುದಾದರೆ ನಾಳೆಯೇ ಮಾತಾಡಿ.